ಹನ್ನೆರಡು ಜನ, ಒಂದೇ ದಿನ, ಕಡಿಮೆ ಪಟ್ಟಿ: ಹಿರೇಬೆಣಕಲ್ಲಾ, ಕೊಪ್ಪಳವಾ, ಸಂಗನಕಲ್ಲಾ, ಮಸ್ಕಿಯಾ?

ನಾನಿರುವುದು ಗಂಗಾವತಿಯಲ್ಲಿ. ಚಳಿಗಾಲ ಶುರುವಾಯಿತು ಅಂದರೆ ಪರಿಚಯದವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಹಂಪಿ ನೋಡಿ ಆಗೇತ್ರಿ. ಅದಕ್ಕಿಂತ ಹಳೇದು ಏನಾದ್ರೂ ಇದ್ರ ಹೇಳ್ರಿ. ಹನ್ನೆರಡು ಮಂದಿ ಇದ್ದೀವಿ, ಒಂದ ದಿನ, ಪಟ್ಟಿ ಜಾಸ್ತಿ ಬೀಳಬಾರದು." ಪಟ್ಟಿ ಅಂದರೆ ತಲೆಗಿಷ್ಟು ಅಂತ ಎಲ್ಲರೂ ಹಾಕುವ ದುಡ್ಡು.

ಹಂಪಿಗಿಂತ ಹಳೆಯದು ನಮ್ಮ ಸುತ್ತ ಬೇಕಾದಷ್ಟಿದೆ. ವಿಜಯನಗರ ಹುಟ್ಟಿದ್ದು 14ನೇ ಶತಮಾನದಲ್ಲಿ. ಅದಕ್ಕೂ ಸಾವಿರದ ಆರುನೂರು ವರ್ಷ ಹಿಂದೆ ಅಶೋಕನ ಮಾತನ್ನು ಕೊಪ್ಪಳದ ಬಂಡೆಗೆ ಕೊರೆದಾಗಿತ್ತು. ಅದಕ್ಕೂ ಮುಂಚೆ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಮನೆಯಂಥ ಗೋರಿಗಳನ್ನು ಕಟ್ಟುತ್ತಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಇನ್ನೂ ಹಿಂದೆ, ಸುಮಾರು ನಾಲ್ಕು ಸಾವಿರ ವರ್ಷದ ಕೆಳಗೆ, ಕಲ್ಲಿನ ಕೊಡಲಿ ಮಾಡುವವರ ಊರೇ ಇತ್ತು.

ಎಲ್ಲಿಗೆ ಹೋಗಬೇಕು ಅಂತ ಕೇಳಿದವರಿಗೆ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಜಾಗ ಆರಿಸಬೇಕಾದದ್ದು ಅವರ ಕಾಲು ನೋಡಿ. ಮೊಣಕಾಲು ನೋವಿನ ಅತ್ತೆಯನ್ನೋ ಐದು ವರ್ಷದ ಮಗುವನ್ನೋ ಹಿರೇಬೆಣಕಲ್ ಗುಡ್ಡದ ಕೆಳಗೆ ಕೂರಿಸಿ ಉಳಿದವರು ಮೇಲೆ ಹೋದರೆ ಅದು ಗುಂಪಿನ ಪ್ರವಾಸ ಅಲ್ಲ. ಕೆಳಗೆ ಕೂತವರಿಗೂ ಬೇಸರ, ಮೇಲೆ ಹೋದವರಿಗೂ ಅವಸರ.

ಗಟ್ಟಿ ಕಾಲಿನ ಗುಂಪಿಗೆ, ನವೆಂಬರ್‌ನಿಂದ ಫೆಬ್ರವರಿ ಒಳಗೆ, ಹಿರೇಬೆಣಕಲ್‌ನಷ್ಟು ಒಳ್ಳೆಯ ಜಾಗ ಕೊಪ್ಪಳ, ಬಳ್ಳಾರಿ, ರಾಯಚೂರು ಈ ಮೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಹಿರಿಯರು, ಮಕ್ಕಳು ಕೂಡಿದ ಗುಂಪಿಗೆ ಕೊಪ್ಪಳ ಊರೇ ಸಾಕು. ಬಳ್ಳಾರಿಯವರಿಗೆ ಸಂಗನಕಲ್ಲು ಮನೆ ಬಾಗಿಲಲ್ಲೇ ಇದೆ. ಮಸ್ಕಿ, ಬಂಡೆಯಲ್ಲಿ ಕೊರೆದ ಒಂದೇ ಒಂದು ಹೆಸರಿಗಾಗಿ ಹೋಗಿ ನೋಡಬೇಕಾದ ಜಾಗ. ಏಕೆ ಹೀಗೆ ಅನ್ನುತ್ತೇನೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ದುಡ್ಡು ಹೋಗುವುದು ಗಾಡಿಗೆ

ಈ ನಾಲ್ಕೂ ಕಡೆ ಗುಡ್ಡ ಹತ್ತಲು ಟಿಕೆಟ್ ಇಲ್ಲ. ಖರ್ಚೆಲ್ಲ ದಾರಿಯದ್ದು. ನಮ್ಮ ಕಡೆ ಹತ್ತು ಹನ್ನೆರಡು ಜನ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಕ್ರೂಸರ್. ಬೆಳಿಗ್ಗೆ ಮನೆ ಮುಂದೆ ಹತ್ತಿಸಿಕೊಂಡು ಸಂಜೆ ಮನೆ ಮುಂದೆ ಇಳಿಸುತ್ತಾರೆ, ಅದು ಸುಖ ನಿಜ. ಆದರೆ ತಲಾ ಪಟ್ಟಿ ಹಾಕುವಾಗ ಒಂದು ಮಾತು ನೆನಪಿರಲಿ. ಗಾಡಿ ಬಾಡಿಗೆ 3,600 ರೂಪಾಯಿ ಅಂದುಕೊಳ್ಳಿ. ಹನ್ನೆರಡು ಜನರಿಗೆ ತಲಾ 300. ಕೊನೆಯ ಗಳಿಗೆಯಲ್ಲಿ ಮೂವರು ಬರಲ್ಲ ಅಂದರೆ ಉಳಿದ ಒಂಬತ್ತು ಜನರಿಗೆ ತಲಾ 400. ಅದಕ್ಕೆ ಗಾಡಿ ಹೇಳುವ ಮುಂಚೆಯೇ ಪಟ್ಟಿ ಕೈಗೆ ಬಂದಿರಬೇಕು. "ಬರ್ತೀನಿ" ಅನ್ನುವ ಬಾಯಿಮಾತು ಲೆಕ್ಕಕ್ಕಿಲ್ಲ.

ಇನ್ನೊಂದು, ಬಾಡಿಗೆ ಕಿಲೋಮೀಟರ್ ಲೆಕ್ಕವೋ ದಿನದ ಲೆಕ್ಕವೋ, ಡ್ರೈವರ್ ಭತ್ಯೆ ಅದರಲ್ಲೇ ಸೇರಿದೆಯೋ ಬೇರೆಯೋ ಅಂತ ಮೊದಲೇ ಕೇಳಿಬಿಡಿ. ಒಮ್ಮೆ ನಾವು ಕೇಳದೆ ಹೋಗಿ, ಸಂಜೆ ಇಳಿಯುವಾಗ "ನಿಂತ ಹೊತ್ತಿಗೂ ಲೆಕ್ಕ ಇದೆ" ಅಂತ ಮಾತು ಬಂತು. ಇಡೀ ದಿನ ಖುಷಿಯಾಗಿದ್ದ ಗುಂಪು ಕೊನೆಯ ಹತ್ತು ನಿಮಿಷ ಬೀದಿಯಲ್ಲಿ ನಿಂತು ಜಗಳ ಆಡಿತು.

ಗುಂಪಿನಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇದ್ದರೆ ಕ್ರೂಸರ್ ಮಾತು ಬಿಟ್ಟು ಕೆಂಪು ಬಸ್ಸು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಇಲ್ಲ, ವಿಳಾಸ ಇರುವ ಗುರುತಿನ ಚೀಟಿ ಇದ್ದರೆ ಆಯಿತು. ಹನ್ನೆರಡರಲ್ಲಿ ಎಂಟು ಹೆಣ್ಣುಮಕ್ಕಳಿದ್ದರೆ ಟಿಕೆಟ್ ನಾಲ್ಕೇ. ನಮ್ಮ ಓಣಿಯ ಅಕ್ಕಂದಿರ ಗುಂಪು ಕೊಪ್ಪಳ ನೋಡಿ ಬಂದದ್ದು ಹೀಗೆಯೇ. ಅವತ್ತಿನ ದೊಡ್ಡ ಖರ್ಚು ಅಂದರೆ ಆಟೋ ಮತ್ತು ಮಧ್ಯಾಹ್ನದ ಚಹಾ.

ರೈಲೂ ಮರೆಯಬೇಡಿ. ಗಿಣಿಗೇರಾದಲ್ಲಿ ಕವಲೊಡೆಯುವ ಹಳಿ ಈಗ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಬಂದಿದೆ. ಕೊಪ್ಪಳ ಮೊದಲಿನಿಂದಲೂ ಹುಬ್ಬಳ್ಳಿ-ಗುಂತಕಲ್ ಮಾರ್ಗದ ಮೇಲಿದೆ, ಬಳ್ಳಾರಿಯೂ ಅಷ್ಟೇ. ಗುಂಪಿಗೆ ರೈಲು ಅಗ್ಗ, ಮಕ್ಕಳಿಗೆ ಖುಷಿ. ಬಸ್ಸಿನಷ್ಟು ಸಲ ಸಿಗುವುದಿಲ್ಲ, ಅದೊಂದೇ ಕೊರತೆ. ಹೋಗುವುದಕ್ಕೆ ರೈಲು, ಬರುವುದಕ್ಕೆ ಬಸ್ಸು ಅಂತ ಇಟ್ಟುಕೊಂಡರೆ ಒದ್ದಾಟ ಇರುವುದಿಲ್ಲ.

ಹಿರೇಬೆಣಕಲ್

ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್, ಕೊಪ್ಪಳದ ಕಡೆಗೆ. ಊರಿನವರು ಮೊರೇರ ಗುಡ್ಡ ಅನ್ನುತ್ತಾರೆ. ಮೊರೇರು ಅಂದರೆ ಗಿಡ್ಡ ಜನ, ಅವರ ಮನೆಗಳು ಇವು ಅಂತ ಹಿರಿಯರು ಹೇಳುವ ಕಥೆ. ಕಥೆ ಯಾಕೆ ಹುಟ್ಟಿತು ಅಂತ ಮೇಲೆ ಹೋದ ಮೇಲೆ ಗೊತ್ತಾಗುತ್ತದೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ದುಂಡಗೆ ಕೊರೆದ ಕಿಂಡಿ. ಯಾರು ನೋಡಿದರೂ ಸಣ್ಣ ಜನರ ಮನೆ, ಸಣ್ಣ ಬಾಗಿಲು ಅಂತಲೇ ಅನ್ನಬೇಕು. ಇವು ಸತ್ತವರ ನೆನಪಿಗೆ ಕಟ್ಟಿದವು. ಕಬ್ಬಿಣ ಬಳಸಲು ಕಲಿತ ಕಾಲದ ಜನ, ಕ್ರಿಸ್ತಪೂರ್ವ 800ರಿಂದ 200ರ ನಡುವೆ ಕಟ್ಟಿದ್ದು. ಒಟ್ಟು ಸುಮಾರು 400 ಇವೆ. ಕೆಲವು ಮೊಣಕಾಲೆತ್ತರ. ಕೆಲವು ಆಳೆತ್ತರ ಮೀರಿ ನಿಂತಿವೆ. ಒಂದು ಗುಂಪಿನ ನಡುವೆ ನಿಂತರೆ ಬಾಗಿಲು ತೆರೆದಿಟ್ಟು ಜನ ಎದ್ದು ಹೋದ ಓಣಿಯೊಂದರಲ್ಲಿ ನಿಂತಂತೆ ಆಗುತ್ತದೆ.

ನಾನು ಪ್ರತಿ ಸಲ ಹೋದಾಗಲೂ ಒಂದು ಚಪ್ಪಡಿಯ ಅಂಚನ್ನು ಕೈಯಿಂದ ಮುಟ್ಟಿ ನೋಡುತ್ತೇನೆ. ಬೆರಳು ಮೂರು ಅಡ್ಡ ಇಟ್ಟಷ್ಟು ದಪ್ಪ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ. ಇಷ್ಟು ತೆಳ್ಳಗೆ ಕಲ್ಲು ಹೇಗೆ ಎಬ್ಬಿಸಿದರು? ಈ ಗುಡ್ಡದ ಕಲ್ಲು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆ ಪದರ ಹಿಡಿದು ಎಬ್ಬಿಸಿ ನಿಲ್ಲಿಸಿದ್ದಾರೆ. ಕಲ್ಲು ತೆಗೆದ ಜಾಗವೇ ಹೊಂಡವಾಗಿ ನೀರು ನಿಂತಿದೆ. ಗೋರಿಗಳ ಪಕ್ಕದಲ್ಲೇ ಆ ಹೊಂಡ ಇದೆ. ಒಂದೇ ಕೆಲಸದಲ್ಲಿ ಕಲ್ಲೂ ಸಿಕ್ಕಿತು, ಕೆರೆಯೂ ಆಯಿತು.

ಇನ್ನೊಂದು ನಗಾರಿ ಕಲ್ಲು. ಸುಮಾರು 10 ಮೀಟರ್ ಎತ್ತರದ ಬಂಡೆಯ ತಲೆಯ ಮೇಲೆ ಅರ್ಧ ಚೆಂಡಿನಂತೆ ಕೂತಿದೆ, ಅಡ್ಡಗಲ ಸುಮಾರು 2 ಮೀಟರ್. ಹೊಡೆದರೆ ಒಂದು ಕಿಲೋಮೀಟರ್ ದಾಟಿ ಸದ್ದು ಹೋಗುತ್ತದೆ. ದಯವಿಟ್ಟು ಹೊಡೆಯಬೇಡಿ. ಬಂದವರೆಲ್ಲ ಕಲ್ಲು ತಗೊಂಡು ಒಂದೊಂದು ಏಟು ಹಾಕಿದರೆ ಎಷ್ಟು ದಿನ ಉಳಿಯುತ್ತದೆ? ಆ ಬಂಡೆ ಹತ್ತುವುದೂ ಅಪಾಯ. ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ದಾರಿಯ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ, ಕುಣಿಯುವ ಜನ, ಪ್ರಾಣಿಗಳು. ಗೊತ್ತಿದ್ದವರು ಜೊತೆಗಿಲ್ಲದಿದ್ದರೆ ಪಕ್ಕದಲ್ಲೇ ಹಾದು ಹೋದರೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹಿರೇಬೆಣಕಲ್ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೇಲೆ ದಾರಿ ಕವಲಾಗುತ್ತದೆ, ಪೊದೆ ಬೆಳೆದಾಗ ಕಾಲುದಾರಿಯೇ ಕಾಣದು. ಹನ್ನೆರಡು ಜನ ತಲಾ 50 ರೂಪಾಯಿ ಹಾಕಿ ಅವರ ಕೈಗೆ ಕೊಟ್ಟರೆ ಅವರಿಗೆ ಅರ್ಧ ದಿನದ ಕೂಲಿ ಆಗುತ್ತದೆ. ಆ ದಿನದ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಈಗ ಕಷ್ಟದ ಮಾತು. ಹತ್ತಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಕಲ್ಲಿನ ಏರು. ಮೇಲೆ ಅಂಗಡಿ ಇಲ್ಲ, ನಲ್ಲಿ ಇಲ್ಲ, ಶೌಚಾಲಯ ಇಲ್ಲ, ನೆರಳು ಅಷ್ಟಕ್ಕಷ್ಟೇ. ಒಂದು ಏಪ್ರಿಲ್‌ನಲ್ಲಿ ನಾನು ಹದಿನೈದು ಜನರನ್ನು ಕರೆದುಕೊಂಡು ಹೋದೆ. ಹೊರಟಿದ್ದೇ ತಡ, ಹತ್ತಲು ಶುರು ಮಾಡಿದಾಗ ಹನ್ನೊಂದಾಗಿತ್ತು. ತಲೆಗೊಂದು ಬಾಟಲಿ ನೀರು. ಮೇಲೆ ಹೋಗುವಷ್ಟರಲ್ಲಿ ಅದೂ ಖಾಲಿ. ಬಂಡೆ ಎಷ್ಟು ಕಾದಿತ್ತು ಅಂದರೆ ಕೂತರೆ ಸುಡುತ್ತಿತ್ತು. ಚಿಕ್ಕಮ್ಮನಿಗೆ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ಕುರಿ ಮೇಯಿಸಲು ಬಂದಿದ್ದ ಹುಡುಗನೊಬ್ಬ ತನ್ನ ಕ್ಯಾನ್‌ನಲ್ಲಿದ್ದ ನೀರು ಅಷ್ಟನ್ನೂ ಕೊಟ್ಟ. ಅವನು ಇರದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅವತ್ತಿನಿಂದ ಮಾರ್ಚ್ ಆದ ಮೇಲೆ ಯಾರು ಕೇಳಿದರೂ ಅಲ್ಲಿಗೆ ಕರೆದುಕೊಂಡು ಹೋಗಿಲ್ಲ.

ತಲೆಗೆ ಎರಡು ಲೀಟರ್‌ಗಿಂತ ಕಡಿಮೆ ನೀರು ಬೇಡ. ಏಳು ಗಂಟೆಗೆ ಬುಡದಲ್ಲಿರಿ, ಹನ್ನೊಂದೂವರೆಗೆ ಇಳಿಯಲು ಶುರು ಮಾಡಿ. ಸಂಜೆ ಹತ್ತುವ ಯೋಚನೆ ಬೇಡವೇ ಬೇಡ, ನಮ್ಮ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಬಸ್ಸಿನಲ್ಲಿ ಬರುವವರು ಇಲ್ಲಿ ನಿಲ್ಲಿಸುತ್ತಾರಾ ಅಂತ ಹತ್ತುವ ಮುಂಚೆಯೇ ಕಂಡಕ್ಟರ್‌ನ ಕೇಳಿ, ಎಕ್ಸ್‌ಪ್ರೆಸ್‌ಗಳು ಎಲ್ಲ ಕಡೆ ನಿಲ್ಲುವುದಿಲ್ಲ.

ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಗಟ್ಟಿ ಮೊಸರು. ಕೆಡುವುದಿಲ್ಲ, ಭಾರ ಇಲ್ಲ. ಚಿತ್ರಾನ್ನ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಊಟ ಗುಡ್ಡದ ಮೇಲೆ ಬೇಡ, ಇಳಿದ ಮೇಲೆ ಊರಿನ ಮರದ ನೆರಳಲ್ಲಿ ಮಾಡಿ.

ಕೊಪ್ಪಳ

ಕೊಪ್ಪಳದಲ್ಲಿ ಅಶೋಕನ ಶಾಸನ ಒಂದಲ್ಲ, ಎರಡಿವೆ. ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡೂ ಹೊರಜಗತ್ತಿಗೆ ಗೊತ್ತಾಗಿದ್ದು 1931ರಲ್ಲಿ. ಅಲ್ಲಿಯವರೆಗೆ ಜನ ಆ ಬಂಡೆಯ ಪಕ್ಕದಲ್ಲೇ ಓಡಾಡಿಕೊಂಡಿದ್ದರು.

ಗುಂಪಿಗೆ ಕೊಪ್ಪಳ ಯಾಕೆ ಅನುಕೂಲ ಅಂದರೆ ಎಲ್ಲವೂ ಊರಿನೊಳಗೇ ಇದೆ. ಬಸ್ಸೋ ರೈಲೋ ಇಳಿದು ಆಟೋ ಹಿಡಿದರೆ ಗವಿಮಠ. ಮಠದಲ್ಲಿ ದಾಸೋಹ ಇದೆ, ಊಟದ ಖರ್ಚೇ ಇಲ್ಲ. ಆದರೆ ಹನ್ನೆರಡು ಜನ ಉಂಡು ಕೈ ತೊಳೆದು ಎದ್ದು ಹೋಗಬೇಡಿ, ಹುಂಡಿಗೆ ಕೈಲಾದಷ್ಟು ಹಾಕಿ. ನಡೆಯಲಾಗದ ಹಿರಿಯರು ಮಠದ ಆವರಣದಲ್ಲಿ ನೆಮ್ಮದಿಯಾಗಿ ಕೂರಬಹುದು. ನೀರಿದೆ, ನೆರಳಿದೆ, ಮಾತಾಡಿಸುವ ಜನ ಇದ್ದಾರೆ. ಈ ಅನುಕೂಲ ಉಳಿದ ಮೂರೂ ಕಡೆ ಇಲ್ಲ. ಜನವರಿಯ ಜಾತ್ರೆ ಹೊತ್ತಿಗೆ ಮಾತ್ರ ಶಾಸನ ನೋಡಲು ಅಂತ ಬರಬೇಡಿ. ಲಕ್ಷಗಟ್ಟಲೆ ಜನ ಸೇರುತ್ತಾರೆ. ಜಾತ್ರೆ ನೋಡಲೇಬೇಕಾದದ್ದು, ಅದಕ್ಕೆ ಅಂತಲೇ ಬೇರೆ ಬನ್ನಿ.

ಗವಿಮಠದ ಶಾಸನದ ಅಕ್ಷರ ಇನ್ನೂ ಚೆನ್ನಾಗಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಧರ್ಮದ ದಾರಿ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಅನ್ನುವ ಅರ್ಥದ ಮಾತು ಅದರಲ್ಲಿದೆ. ಗುಂಪಿನಲ್ಲಿ ಒಬ್ಬರು ಇದನ್ನು ಮೊದಲೇ ಓದಿಕೊಂಡು ಬಂದು ಅಲ್ಲೇ ನಿಂತು ಹೇಳಿದರೆ ಸಾಕು. ಹಾಗೆ ಮಾಡದಿದ್ದರೆ ಐದು ನಿಮಿಷದಲ್ಲಿ "ಬಂಡೆ ಮೇಲೆ ಗೆರೆ, ಅಷ್ಟೇ ಅಲ್ವಾ" ಅಂತ ಎಲ್ಲರೂ ಇಳಿದುಬಿಡುತ್ತಾರೆ.

ಪಾಲ್ಕಿಗುಂಡು ಹತ್ತುವುದಕ್ಕೆ ಸ್ವಲ್ಪ ಉಸಿರು ಬೇಕು, ಹಿರೇಬೆಣಕಲ್‌ನಷ್ಟಲ್ಲ. ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಚಾವಣಿ ಹಾಗೆ ಕೂತಿದೆ, ಹೆಸರು ಬಂದದ್ದು ಅದರಿಂದ. ಅಲ್ಲಿಯ ಅಶೋಕನ ಶಾಸನ ಬಹಳ ಸವೆದಿದೆ. ಆದರೆ ಆ ಗುಡ್ಡದಲ್ಲಿ ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ ಇದೆ. ಕಲ್ಲಿನಲ್ಲಿ ಕಡೆದ ಒಂದು ಜೊತೆ ಪಾದ. ಪಕ್ಕದಲ್ಲಿ ಹಳಗನ್ನಡದ ಸಣ್ಣ ಬರಹ: ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ, ಅಷ್ಟೇ. ಜಟಾಸಿಂಹನಂದಿ ಸಂಸ್ಕೃತದಲ್ಲಿ ವರಾಂಗಚರಿತ ಬರೆದ ಜೈನ ಕವಿ. ಕೊಪ್ಪಳ ಆಗ ಜೈನರ ದೊಡ್ಡ ತೀರ್ಥ, ಕವಿರಾಜಮಾರ್ಗದಲ್ಲೂ ಮಹಾಕೊಪಣ ಅಂತ ಹೆಸರು ಬರುತ್ತದೆ. ಚಾವಯ್ಯ ತನ್ನ ಬಗ್ಗೆ ಮತ್ತೇನೂ ಬರೆಸಿಕೊಳ್ಳಲಿಲ್ಲ. ಅಕ್ಷರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಬಿಡಿಸಿ ಓದಲು ನೋಡಿ. ಕೆಲವು ಅಕ್ಷರ ನಮ್ಮ ಈಗಿನ ಕನ್ನಡದ ಹತ್ತಿರಕ್ಕೇ ಬರುತ್ತವೆ. ನನ್ನ ಅಕ್ಕನ ಮಗಳು ಒಂದು ಅಕ್ಷರ ಗುರುತಿಸಿ ಕೂಗಿದ ಕೂಗು ಗುಡ್ಡದ ಕೆಳಗೆ ಕೇಳಿರಬೇಕು.

ಹೊತ್ತು ಉಳಿದರೆ ಕೋಟೆ ಇದೆ. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಬಿಟ್ಟದ್ದು ಅಲ್ಲೇ. ಮೆಟ್ಟಿಲು ಬಹಳ. ಬೆಳಿಗ್ಗೆಯೇ ಎರಡು ಗುಡ್ಡ ಹತ್ತಿಳಿದವರಿಗೆ ಮೂರನೆಯದು ಬೇಡ.

ಸಂಗನಕಲ್ಲು

ಬಳ್ಳಾರಿಯಿಂದ ಸುಮಾರು 8 ಕಿಲೋಮೀಟರ್. ನಾಲ್ಕರಲ್ಲಿ ಅತಿ ಹಳೆಯದು ಇದೇ. ಆದರೆ ನೇರ ಗುಡ್ಡಕ್ಕೆ ಹೋದರೆ ನಿರಾಸೆ ಆಗುತ್ತದೆ. ಇಲ್ಲಿ ಗೋಪುರ ಇಲ್ಲ, ಗೋರಿಗಳ ಸಾಲಿಲ್ಲ. ಕಲ್ಲು, ಬೂದಿ, ಮಡಕೆ ಚೂರು. ಅದಕ್ಕೆ ಮೊದಲು ಬಳ್ಳಾರಿ ಊರಿನಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ನೋಡಿ. ತೆರೆದಿರುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಕೊಡಲಿ ಹೇಗೆ ಮಾಡುತ್ತಿದ್ದರು, ಹೇಗೆ ಬದುಕುತ್ತಿದ್ದರು ಅಂತ ಅಲ್ಲಿ ನೋಡಿಕೊಂಡು ಆಮೇಲೆ ಗುಡ್ಡಕ್ಕೆ ಹೋದರೆ ಅದೇ ಕಲ್ಲುಗಳು ಬೇರೆಯಾಗಿ ಕಾಣುತ್ತವೆ. ಬಂಡೆಯ ಮೇಲೆ ಉದ್ದುದ್ದ ನುಣುಪಾದ ಗುಳಿಗಳಿವೆ. ಬೆರಳಿಟ್ಟರೆ ಜಾರುತ್ತದೆ. ಕೊಡಲಿಯನ್ನು ಉಜ್ಜಿ ಉಜ್ಜಿ ಮೊನೆ ಮಾಡಿದ ಜಾಗ ಅದು.

ಪಕ್ಕದ ಕಪ್ಪಗಲ್ಲಿನ ಗುಡ್ಡದಲ್ಲಿ ಕರಿಕಲ್ಲಿನ ಮೇಲೆ ಕುಟ್ಟಿ ಬಿಡಿಸಿದ ಉದ್ದ ಕೊಂಬಿನ ಎತ್ತುಗಳಿವೆ. ಬಟ್ಟಲಿನಂಥ ಕುಳಿ ಬಿದ್ದ ಕಲ್ಲುಗಳೂ ಇವೆ, ಬಡಿದರೆ ಗಂಟೆಯ ಹಾಗೆ ದನಿ ಬರುವ ಕಲ್ಲುಗಳು. ಸಾವಿರಾರು ವರ್ಷ ಬಡಿದು ಬಡಿದು ಆ ಕುಳಿ ಬಿದ್ದಿರುವುದು. ಇಲ್ಲಿಯೂ ಊರಿನವರ ಜೊತೆ ಬೇಕೇ ಬೇಕು.

ಹೊಸಪೇಟೆ ಕಡೆಯಿಂದ ಬರುವವರು ದಾರಿಯಲ್ಲಿ ಕುಡತಿನಿಯ ಬೂದಿ ದಿಬ್ಬ ನೋಡಬಹುದು. ದನದ ದೊಡ್ಡಿಯಲ್ಲಿ ಸಗಣಿ ರಾಶಿ ಬಿದ್ದು, ಅದಕ್ಕೆ ಮತ್ತೆ ಮತ್ತೆ ಬೆಂಕಿ ಕೊಟ್ಟು ಆದ ದಿಬ್ಬ. ಎಂಥ ಬೆಂಕಿ ಅಂದರೆ ಬೂದಿ ಕೆಲವು ಕಡೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಸಗಣಿ ಅಂತ ಬಹಳ ದಿನ ವಿದ್ವಾಂಸರಲ್ಲಿ ಒಪ್ಪಿಗೆ ಇರಲಿಲ್ಲ. ಇಂಥದೇ ದಿಬ್ಬ ತೆಲಂಗಾಣದ ಉಟ್ನೂರಿನಲ್ಲೂ ಇದೆ. ಅಲ್ಲಿ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಕುಡತಿನಿಗೆ ಅರ್ಧ ಗಂಟೆ ಸಾಕು.

ಖರ್ಚಿನ ಮಟ್ಟಿಗೆ ಬಳ್ಳಾರಿಯವರಿಗೆ ಇದಕ್ಕಿಂತ ಅಗ್ಗದ ಪ್ರವಾಸ ಇಲ್ಲ, ಮೂರು ಆಟೋ ಮಾತಾಡಿದರೆ ಆಯಿತು. ಬೆಳಿಗ್ಗೆ ಊರಲ್ಲೇ ಒಗ್ಗರಣೆ ಮಿರ್ಚಿ ತಿಂದು ಹೊರಟು ಮಧ್ಯಾಹ್ನ ಊಟಕ್ಕೆ ವಾಪಸ್. ಗಂಗಾವತಿ, ಕೊಪ್ಪಳದವರು ಇದಕ್ಕೇ ಅಂತ ಗಾಡಿ ಮಾಡಿಕೊಂಡು ಹೋಗುವುದಾದರೆ ಗುಂಪಿನಲ್ಲಿ ಓದುವ ಹುಡುಗರು, ಮೇಷ್ಟ್ರುಗಳು ಇರಲಿ. ಉಳಿದವರಿಗೆ ದಿನ ಉದ್ದ ಅನಿಸುತ್ತದೆ.

ಮಸ್ಕಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಇಂಥ ಶಾಸನಗಳಲ್ಲೆಲ್ಲ ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಇತ್ತು. ಅದು ಯಾವ ರಾಜ ಅನ್ನುವುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ "ದೇವಾನಂಪಿಯಸ ಅಸೋಕಸ" ಅಂತ ಹೆಸರೇ ಇತ್ತು. ಆಮೇಲೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉದೇಗೋಳದಲ್ಲೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ.

ನೋಡುವುದಕ್ಕೆ ಒಂದು ಗಂಟೆ ಸಾಕು. ಊರಿಗೆ ಹತ್ತಿರ, ಏರು ಕಡಿಮೆ, ಬಸ್ಸು ಬೇಕಾದಷ್ಟು. ಒಂದು ಗಂಟೆಗಾಗಿ ರಾಯಚೂರಿನಿಂದ ಹೆಚ್ಚುಕಡಿಮೆ 80 ಕಿಲೋಮೀಟರ್ ಕ್ರೂಸರ್ ಮಾಡಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸಿಂಧನೂರು, ಲಿಂಗಸುಗೂರಿನವರು ಬಸ್ಸಿನಲ್ಲಿ ಹೋಗಿ ಬನ್ನಿ. ದೂರದವರು ಮುದಗಲ್ ಕೋಟೆಯನ್ನೂ ಸೇರಿಸಿಕೊಂಡರೆ ದಿನ ತುಂಬುತ್ತದೆ.

ಎರಡನ್ನೂ ಒಂದೇ ದಿನ ನೋಡಬಹುದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಬೆಳಿಗ್ಗೆ ಹಿರೇಬೆಣಕಲ್, ಮಧ್ಯಾಹ್ನ ಕೊಪ್ಪಳ ಅಂತ ಕಾಗದದ ಮೇಲೆ ಸುಲಭ. ಇಪ್ಪತ್ತರ ಹುಡುಗರು ನಾಲ್ಕೈದು ಜನ ಇದ್ದರೆ ಆಗುತ್ತದೆ. ಹನ್ನೆರಡು ಜನರ ಗುಂಪು ಬಸ್ ಹತ್ತುವುದಕ್ಕೇ ಅರ್ಧ ಗಂಟೆ ತಗೊಳ್ಳುತ್ತದೆ, ಇಳಿದ ಮೇಲೆ ಚಹಾಕ್ಕೆ ಇನ್ನರ್ಧ ಗಂಟೆ. ಆ ದಿನ ಹಿರೇಬೆಣಕಲ್ ಒಂದೇ ಇರಲಿ. ಇಳಿದು ಉಂಡ ಮೇಲೆ ಹೊತ್ತು ಉಳಿದರೆ ಸಾಣಾಪುರದ ಕೆರೆಯ ಕಡೆ ಗಾಳಿಗೆ ಕೂತು ಬನ್ನಿ.

ಗುಂಪಿನವರಿಗೆ ಹೊರಡುವ ಹಿಂದಿನ ದಿನವೇ ಒಂದು ಮಾತು ಹೇಳಿಬಿಡಿ. ಹಿರೇಬೆಣಕಲ್‌ನಲ್ಲಿ ನಿಧಿ ಆಸೆಗೆ ಅಗೆದು ಕೆಡವಿದ ಗೋರಿಗಳು ಈಗಾಗಲೇ ಎಷ್ಟೋ ಇವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು, ಆದರೂ ಕಾಯುವ ಕಣ್ಣು ಕಡಿಮೆ. ಚಪ್ಪಡಿ ಮೇಲೆ ಹತ್ತಿ ಫೋಟೋ ಬೇಡ. ಕಿಂಡಿಯೊಳಗೆ ಮಕ್ಕಳನ್ನು ನುಗ್ಗಿಸುವುದು ಬೇಡ, ಒಳಗೆ ಹಾವು ಚೇಳು ಇರುತ್ತವೆ, ಮೇಲಿನ ಕಲ್ಲು ಯಾವುದರ ಆಸರೆಯಲ್ಲಿ ನಿಂತಿದೆಯೋ ನಮಗೆ ಕಾಣುವುದಿಲ್ಲ. ಮಡಕೆ ಚೂರು ಜೇಬಿಗೆ ಹಾಕಿಕೊಳ್ಳಬೇಡಿ. ನಮ್ಮ ಗುಂಪಿನ ಹುಡುಗನೊಬ್ಬ ಕಪ್ಪು-ಕೆಂಪು ಬಣ್ಣದ ಒಂದು ಚೂರು ಎತ್ತಿಕೊಂಡಿದ್ದ. ಜೊತೆಗೆ ಬಂದಿದ್ದ ಊರಿನ ಅಜ್ಜ ಅದನ್ನು ಕೈಗೆ ತಗೊಂಡು, ಅಂಗಿಯ ಚುಂಗಿನಿಂದ ಮಣ್ಣು ಒರೆಸಿ, ಎಲ್ಲರಿಗೂ ಒಂದು ಸಲ ತೋರಿಸಿ, ಎತ್ತಿಕೊಂಡ ಜಾಗದಲ್ಲೇ ವಾಪಸ್ ಇಟ್ಟರು. "ಅವರ ಮನಿ ಗಡಿಗಿ ಐತಪ್ಪ ಅದು" ಅಂದರು.